ಸಂತೆಗೆ ಹೋಗದ ಕಾಯಿ

ಸಂತೆಯ ತರಕಾರಿಯನ್ನು ಹೊಗಳುವವರು ಬಹಳ ಮಂದಿ. ಹೊಗಳಲಿ, ಅದು ಹೊಗಳತಕ್ಕದ್ದೇ. ಇಬ್ಬನಿ ಆರದ ಬದನೆಕಾಯಿ, ಮುರಿದರೆ ಟಕ್ಕೆನ್ನುವ ಹುರುಳಿಕಾಯಿ, ಬೇರಿನಲ್ಲಿ ಇನ್ನೂ ಹಸಿಮಣ್ಣಿರುವ ದಂಟಿನ ಸೊಪ್ಪು, ಇವುಗಳ ಮುಂದೆ ನಿಂತು ಬಾಯಲ್ಲಿ ನೀರೂರದವನು ಅರಸಿಕನೇ ಸರಿ. ಆದರೆ ಇವನ್ನು ಬೆಳೆದವರ ಮನೆಯಲ್ಲಿ ಆ ಹೊತ್ತು ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಕೇಳುವವರು ಕಡಮೆ. ನಾನು ಆ ಮನೆಯವನಾದುದರಿಂದ ಹೇಳಬಲ್ಲೆ.

ಹಾಸನದಿಂದ ಬಸ್ಸಿನಲ್ಲಿ ಒಂದು ಗಂಟೆಯ ಹಾದಿ ನಮ್ಮ ಹಳ್ಳಿ. ಹೊಲ ಒಂದೂವರೆ ಎಕರೆ. ಮೊದಲು ಈ ಸೀಮೆಯ ಎಲ್ಲರಂತೆ ನಾವೂ ಆಲೂಗೆಡ್ಡೆ ಹಾಕುತ್ತಿದ್ದೆವು. ಜಲಂಧರದಿಂದ ಲಾರಿಗಳಲ್ಲಿ ಬರುವ ಬಿತ್ತನೆ ಗೆಡ್ಡೆಯನ್ನು ಸಾಲ ಮಾಡಿ ತಂದು, ಮುಂಗಾರಿನ ಮೊದಲ ಮಳೆಗೆ ನೆಡುವುದು. ಆಮೇಲೆ ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ. ಇಂದು ಹಸುರಾಗಿದ್ದ ಹೊಲ ಮೂರು ನಾಲ್ಕು ದಿನಗಳಲ್ಲಿ ಸುಟ್ಟಂತಾಗುತ್ತದೆ. 1845ರಲ್ಲಿ ಐರ್ಲೆಂಡಿಗೆ ಬಿದ್ದು, ಮುಂದಿನ ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಸಾಯಲು ಕಾರಣವಾದುದು ಇದೇ ರೋಗವೆಂದು ತರಗತಿಯಲ್ಲಿ ಕೇಳಿದಾಗ ಉಳಿದವರು ಇಸವಿಯನ್ನು ಬರೆದುಕೊಂಡರು. ನನಗೆ ಕೊಳೆತ ಗೆಡ್ಡೆಯ ನಾತ ಬಂತು. ಎರಡು ವರ್ಷ ಒಂದರ ಮೇಲೊಂದು ಹಾಗಾದ ಮೇಲೆ ಅಪ್ಪ ಆಲೂಗೆಡ್ಡೆಯ ತಂಟೆ ಬಿಟ್ಟು ಬದನೆ, ಹುರುಳಿ, ಸೊಪ್ಪುಗಳಿಗೆ ತಿರುಗಿದ. ಸಾಲ ಮಾತ್ರ ಆಲೂಗೆಡ್ಡೆಯದೇ ಉಳಿಯಿತು.

ಸಂತೆಯ ಹಿಂದಿನ ಸಂಜೆ ಅವ್ವ ಪಡಸಾಲೆಯಲ್ಲಿ ಕಾಯಿ ಆರಿಸಲು ಕೂರುತ್ತಾಳೆ. ನೆಟ್ಟಗಿರುವುದು, ಮಿಂಚುವುದು ಚೀಲಕ್ಕೆ. ಸೊಟ್ಟಗಿರುವುದು, ಹುಳು ಕೊರೆದದ್ದು, ಬಲಿತದ್ದು ಬುಟ್ಟಿಗೆ. ಚೀಲ ಸಂತೆಗೆ, ಬುಟ್ಟಿ ನಮಗೆ. ಇದಕ್ಕೆ ವಿನಾಯಿತಿಯಿಲ್ಲ. ಹುರುಳಿಕಾಯಿಯ ಜಾತಿಯೇ ಕೊಡಲಿನಂತೆ ಬಾಗಿರತಕ್ಕದ್ದೆಂದು ಬಹುಕಾಲ ನಂಬಿದ್ದವನು ನಾನು. ನೀವು ಬೇಕಾದರೆ ನಗಿ.

ಹೀಗೆಂದ ಮಾತ್ರಕ್ಕೆ ನಮ್ಮದು ಬಡ ಊಟವೆಂದು ಮರುಕಪಡಬೇಡಿ. ಉಳಿದುದರಿಂದಲೇ ಹುಟ್ಟಿದ ಅಡಿಗೆ ನಮ್ಮ ಸೀಮೆಯದು. ಬಸ್ಸಾರನ್ನೇ ನೋಡಿ. ಕಟ್ಟಿಗೆ ಸೇರದ ದಂಟು, ಅದರ ಜೊತೆಗೆ ಬದುವಿನಲ್ಲಿ ತಾನಾಗಿ ಬೆಳೆದ ಅಣ್ಣೆ, ಗಣಿಕೆ, ಹೊನಗೊನೆ, ಎಲ್ಲ ಸೇರಿ ಬೆರಕೆ ಸೊಪ್ಪು. ತೊಗರಿಬೇಳೆ ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಹದವಾದೊಡನೆ ನೀರು ಬಸಿದು ಬೇರೆ ಇಡಬೇಕು. ಆ ನೀರನ್ನು ಚೆಲ್ಲುವವನು ಅಡಿಗೆಯ ಮನೆಗೆ ಕಾಲಿಡಕೂಡದು. ಸತ್ತ್ವವೆಲ್ಲ ಅದರಲ್ಲಿಯೇ ಇಳಿದಿರುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳನ್ನು ಕೆಂಪಗೆ ಹುರಿದು, ಮೆಣಸು, ಜೀರಿಗೆ, ಕಾಯಿತುರಿ, ಸಾರಿನ ಪುಡಿ, ಹುಣಿಸೆಹಣ್ಣು, ಜೊತೆಗೆ ಬೆಂದ ಸೊಪ್ಪುಬೇಳೆ ಒಂದು ಹಿಡಿ ಹಾಕಿ ನುಣ್ಣಗೆ ಅರೆದು ಆ ನೀರಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡಿಗೆ! ಬಿಸಿ ರಾಗಿ ಮುದ್ದೆಯ ಪಕ್ಕದಲ್ಲಿ ಇವೆರಡಿದ್ದರೆ ಮೂರನೆಯದು ಬೇಡ. ಮರುದಿನ ಸಾರು ಇನ್ನೂ ರುಚಿ.

ಅವರೆಕಾಯಿಯೊಂದಕ್ಕೆ ಮಾತ್ರ ಈ ಚೀಲ–ಬುಟ್ಟಿಗಳ ಭೇದವಿಲ್ಲ. ರಾಗಿಹೊಲದಲ್ಲಿ ಅಕ್ಕಡಿಯಾಗಿ ಹಾಕುವುದು ಮನೆಗೆಂದೇ. ಹಗಲು ಕಿರಿದಾದಾಗ ಹೂವಿಟ್ಟು, ಚಳಿಗಾಲದ ಇಬ್ಬನಿಯಲ್ಲಿ ಸೊಗಡು ತುಂಬಿಕೊಳ್ಳುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದಗಿಡ್ಡಗಳನ್ನು ಲೆಕ್ಕಿಸದೆ ಫಲ ಕೊಡುವ ಹೆಬ್ಬಾಳ ಅವರೆಯ ತಳಿಗಳನ್ನು ಕೊಟ್ಟಿದ್ದಾರೆ. ಉಪಕಾರವೇ, ಆದರೆ ಹಿತಕಿದ ಬೇಳೆಯ ಸಾರಿಗೆ ನನ್ನ ಮತ ಹಳೆಯದಕ್ಕೇ.

ಬಿ.ಎ. ಸೇರಿದ ಮೇಲೆ ಹಾಸನದಲ್ಲಿ ಮೂವರು ಗೆಳೆಯರು ಕೂಡಿ ಕೊಠಡಿ ಹಿಡಿದೆವು. ಅಡಿಗೆಯ ಭಾರ ನನ್ನದು, ವ್ಯಾಪಾರದ ಭಾರ ಇನ್ನೊಬ್ಬನದು. ಚೌಕಾಸಿಯಲ್ಲಿ ಅವನದು ಎತ್ತಿದ ಕೈ. ಒಂದು ಸಂತೆಯ ದಿನ ಸೊಪ್ಪಿನ ಮುದುಕಿಯೊಬ್ಬಳನ್ನು, "ಹತ್ತಕ್ಕೆ ಮೂರು ಕಟ್ಟು ಕೊಡಜ್ಜಿ, ನಿನಗೇನು, ಬಸ್ಸು ಫ್ರೀ" ಎಂದ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲವಷ್ಟೆ. ಮುದುಕಿ ತಲೆಯೆತ್ತದೆ, "ಫ್ರೀ ನನಗೆ ಕಣಪ್ಪ, ಮೂಟೆಗಲ್ಲ" ಎಂದಳು. ನಾನು ಅವನಿಗೆ ಕಾಣದಂತೆ ಹತ್ತು ರೂಪಾಯಿಗೆ ಎರಡೇ ಕಟ್ಟು ಎತ್ತಿಕೊಂಡೆ. ಆ ಹೊತ್ತಿಗೆ ಇನ್ನೊಂದು ಊರಿನ ಸಂತೆಯಲ್ಲಿ ಅವ್ವ ಗೋಣಿತಾಟಿನ ಮೇಲೆ ಕುಳಿತಿದ್ದಳು.

ಆ ಕೊಠಡಿಯಲ್ಲಿಯೇ ನಾನು ಮೊದಲ ಬಾರಿ ಎಣ್ಣೆಗಾಯಿ ಮಾಡಿದುದು. ಬದನೆ ಬೆಳೆಯುವವನಿಗೆ ಎಣ್ಣೆಗಾಯಿ ಹೊಸದೆ ಎನ್ನುವಿರಿ. ಎಣ್ಣೆಗಾಯಿಗೆ ಎಳೆಯ ಇಡಿಯ ಕಾಯಿ ಬೇಕು. ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ ಮಸಾಲೆ ತುಂಬಬೇಕು. ನಮ್ಮ ಬುಟ್ಟಿಯ ಕಾಯಿಗಳಲ್ಲಿ ಹುಳುವಿನ ಭಾಗ ಕೊಯ್ದೆಸೆದ ಮೇಲೆ ಇಡಿಯದಾಗಿ ಉಳಿಯುವುದೆಲ್ಲಿ? ಗೊಜ್ಜಿಗೋ ಹುಳಿಗೋ ಅಷ್ಟೆ. ಆದುದರಿಂದ ದಸರೆಯ ರಜಕ್ಕೆ ಹೊರಟಾಗ ಪೇಟೆಯ ಅಂಗಡಿಯೊಂದರಲ್ಲಿ ಅರ್ಧ ಕಿಲೋ ಬದನೆಕಾಯಿ ಕೊಂಡೆ. ಬದನೆ ಬೆಳೆಯುವ ಮನೆಗೆ ಬದನೆಕಾಯಿ ಹೊತ್ತು ಹೋದವನನ್ನು ಊರವರು ಏನೆಂದರೋ, ಅದು ಬೇರೆ ಕಥೆ.

ಅವ್ವ ಒಂದೊಂದನ್ನೇ ತಿರುಗಿಸಿ ನೋಡಿದಳು. "ಎಷ್ಟು ಕೊಟ್ಟೆ?"

"ಕಿಲೋಗೆ ಅರವತ್ತು."

ಅವಳು ಅಪ್ಪನ ಮುಖ ನೋಡಿದಳು. ಆ ವಾರ ಮಂಡಿಯಲ್ಲಿ ನಮ್ಮ ಕಾಯಿಗೆ ಸಿಕ್ಕಿದ್ದು ಕಿಲೋಗೆ ಹದಿನೆಂಟು, ಅದರಲ್ಲಿ ಕಮಿಷನ್ನು ಬೇರೆ. ಅಪ್ಪ ಏನೂ ಅನ್ನದೆ ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ರಾತ್ರಿ ಎಣ್ಣೆಗಾಯಿ ಮಾಡಿ ಬಡಿಸಿದೆ. ಅಪ್ಪ ಎರಡು ಸಲ ಹಾಕಿಸಿಕೊಂಡ. ಅವ್ವ ಖಾರ ಸಾಲದೆಂದಳು. ಆದರೂ ತಟ್ಟೆಯಲ್ಲಿ ತೊಟ್ಟುಗಳನ್ನು ಬಿಟ್ಟು ಬೇರೇನೂ ಉಳಿಸಲಿಲ್ಲ. ಮರುದಿನ ಸಂಜೆ ಕಾಯಿ ಆರಿಸುವಾಗ, ಚೀಲಕ್ಕೆ ಹೋಗಬೇಕಾಗಿದ್ದ ಏಳೆಂಟು ಎಳೆಗಾಯಿಗಳನ್ನು ಬುಟ್ಟಿಗೆ ಹಾಕಿದಳು. ಅಪ್ಪ ನೋಡಿದ. ನೋಡಿ, ಚೀಲದ ಬಾಯಿ ಕಟ್ಟಿದ.