ಗೇರು ಬದಲಾಯಿಸುವ ವಿದ್ಯೆ

ವಾಹನ ನಡೆಸುವುದರಲ್ಲಿ ನಾನು ಪ್ರವೀಣನೆಂದು ಯಾರೂ ಹೇಳಲಾರರು. ಮೂವತ್ತು ವರ್ಷಕಾಲ ಕಾಲೇಜಿನಲ್ಲಿ ಗಣಿತವನ್ನು ಹೇಳಿಕೊಟ್ಟು ನಿವೃತ್ತನಾದವನು ನಾನು. ಬೀದಿಯಲ್ಲಿ ಎಮ್ಮೆ ಅಡ್ಡ ಬಂದರೆ ಕಾರನ್ನು ನಿಲ್ಲಿಸಿ, ಅದು ತಾನಾಗಿ ದಾರಿ ಬಿಡುವವರೆಗೂ ಕಾದಿರುವುದೇ ನನ್ನ ಪದ್ಧತಿ. ಆದರೂ ವಾಹನಗಳ ವಿಷಯವಾಗಿ ಎರಡು ಮಾತನಾಡಲು ನನಗೆ ಒಂದು ಅಧಿಕಾರವುಂಟು: ನಾನು ಲಾರಿ ಚಾಲಕನ ಮಗ. ಚಿಕ್ಕಂದಿನಲ್ಲಿ ಈ ಮಾತನ್ನು ಹೇಳಿಕೊಳ್ಳಲು ಸಂಕೋಚಪಡುತ್ತಿದ್ದೆನು. ಈಗ ಕೇಳದವರಿಗೂ ಹೇಳುತ್ತಿರುವೆನು.

2019ರ ಅಕ್ಟೋಬರಿನಲ್ಲಿ ನಾನು ಕ್ಯಾಲಿಫೋರ್ನಿಯದಲ್ಲಿರುವ ನನ್ನ ಮಗನ ಮನೆಯಲ್ಲಿದ್ದೆನು. ಅವನು ಒಂದು ಹಳೆಯ ನಿಸಾನ್ 370ಜೆಡ್ ಕಾರನ್ನು ಕೊಂಡಿದ್ದನು. ಅದರಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ನನ್ನ ಸೊಸೆ ಅದನ್ನು ಸಂಸಾರಸ್ಥರಿಗೆ ತಕ್ಕ ಗಾಡಿಯಲ್ಲವೆಂದು ತೀರ್ಮಾನಿಸಿ, ಅದರ ಮಾತು ಬಂದಾಗಲೆಲ್ಲಾ ಒಳಗೆ ಎದ್ದುಹೋಗುತ್ತಿದ್ದಳು. ಅಮೆರಿಕಾ ದೇಶದಲ್ಲಿ ಈಗ ಹೆಚ್ಚಿನ ಕಾರುಗಳು ತಾವೇ ಗೇರು ಬದಲಾಯಿಸಿಕೊಳ್ಳುತ್ತವೆ. ಮಗನ ಕಾರಿಗೆ ಮಾತ್ರ ಮೂರು ಪೆಡಲುಗಳೂ ಆರು ಗೇರುಗಳ ಒಂದು ಕೋಲೂ ಇದ್ದುವು. ಅದನ್ನು ನೋಡಿ ನನಗೆ ಒಳಗೊಳಗೆ ಸಂತೋಷವಾಯಿತು. ಅಜ್ಜನ ಗುಣ ಒಂದು ತಲೆಮಾರನ್ನು ದಾಟಿ ಮೊಮ್ಮಗನಿಗೆ ಬಂದಿತೆಂದು ಭಾವಿಸಿದೆನು.

ಒಂದು ಭಾನುವಾರ ಬೆಳಿಗ್ಗೆ ಅವನು ನನ್ನನ್ನು ಲಾಸ್ ಏಂಜಲೀಸ್ ನಗರದ ಉತ್ತರಕ್ಕಿರುವ ಸ್ಯಾನ್ ಗೇಬ್ರಿಯಲ್ ಬೆಟ್ಟಗಳಿಗೆ ಕರೆದುಕೊಂಡು ಹೋದನು. ಅಲ್ಲಿಯ ರಸ್ತೆಗೆ ಏಂಜಲೀಸ್ ಕ್ರೆಸ್ಟ್ ಎಂದು ಹೆಸರು. ನಮ್ಮ ಘಟ್ಟಗಳಂತೆ ಹಸುರಿಲ್ಲ; ಒಣಗಿದ ಕುರುಚಲು, ಬೋಳು ಬಂಡೆ, ಒಂದು ಕಡೆಗೆ ಆಳವಾದ ಕಣಿವೆ. ಆದರೆ ತಿರುವುಗಳು ನಮ್ಮವೇ. ಮೇಲೆ ಹತ್ತಿ, ಸ್ವಲ್ಪ ಹೊತ್ತು ಕುಳಿತು, ಇಳಿಯತೊಡಗಿದೆವು. ಮೊದಲನೆಯ ತಿರುವು ಹತ್ತಿರವಾದಂತೆ ಮಗನು ಬ್ರೇಕನ್ನು ಒತ್ತಿ, ಕ್ಲಚ್ಚನ್ನು ತುಳಿದು, ಮೂರನೆಯ ಗೇರಿನಿಂದ ಎರಡನೆಯದಕ್ಕೆ ಕೋಲನ್ನು ಎಳೆದನು. ಆ ಕ್ಷಣದಲ್ಲಿ ಇಂಜಿನ್ನು ತಾನಾಗಿ ಒಮ್ಮೆ ಗರ್ಜಿಸಿತು. ಅವನು ಕ್ಲಚ್ಚನ್ನು ಬಿಟ್ಟಾಗ ಕಾರು ಸ್ವಲ್ಪವೂ ಜಗ್ಗದೆ, ನೀರಿನ ಮೇಲೆ ಎಲೆ ಹೋಗುವಂತೆ ತಿರುವನ್ನು ಸೇರಿತು.

ನನ್ನ ಮೈ ಜುಮ್ಮೆಂದಿತು. ಆ ಗರ್ಜನೆಯನ್ನು ನಾನು ಬಲ್ಲೆನು.

"ರೇಸು ಕೊಡುವುದನ್ನು ಎಲ್ಲಿ ಕಲಿತೆಯೋ?" ಎಂದು ಕೇಳಿದೆನು.

ಅವನು ನಕ್ಕು, "ನಾನು ಕೊಡಲಿಲ್ಲ ಅಪ್ಪ, ಕಾರೇ ಕೊಟ್ಟುಕೊಂಡಿತು" ಎಂದು ಗೇರುಕೋಲಿನ ಪಕ್ಕದಲ್ಲಿದ್ದ ಒಂದು ಗುಂಡಿಯನ್ನು ತೋರಿಸಿದನು.

ನನ್ನ ಸಂತೋಷ ಅರ್ಧಕ್ಕೆ ಇಳಿಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಆದರೆ ಗಣಿತದ ಉಪಾಧ್ಯಾಯನಿಗೆ ಕುತೂಹಲವೆಂಬುದು ಸಾಯುವವರೆಗೂ ಬಿಡದ ರೋಗ. ಬೆಟ್ಟದ ಬದಿಯಲ್ಲಿ ಕಾರನ್ನು ನಿಲ್ಲಿಸಿಸಿ, ಅದರ ಮರ್ಮವನ್ನು ವಿಚಾರಿಸಿದೆನು.

ವಾಚಕರಲ್ಲಿ ಈ ವಿಷಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಕಾರಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಇಂಜಿನ್ನು ಎಷ್ಟು ಸುತ್ತು ಬರಬೇಕೆಂಬುದನ್ನು ಗೇರು ನಿಶ್ಚಯಿಸುತ್ತದೆ. ಕೆಳಗಿನ ಗೇರಿನಲ್ಲಿ ಇಂಜಿನ್ನು ಹೆಚ್ಚು ಸುತ್ತಬೇಕು. ನನ್ನ ಮಗನ ಕಾರಿನಲ್ಲಿ ಮೂರನೆಯ ಗೇರಿನ ಪ್ರಮಾಣ 1.624; ಎರಡನೆಯದು 2.324. ಮೂರನೆಯದರಲ್ಲಿ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವ ಇಂಜಿನ್ನು ಅದೇ ವೇಗದಲ್ಲಿ ಎರಡನೆಯದಕ್ಕೆ ಬಂದರೆ ಸುಮಾರು 4,300 ಸುತ್ತು ತಿರುಗಬೇಕು. ಇದು ಶಾಲೆಯ ಹುಡುಗರ ತ್ರೈರಾಶಿ. ಆದರೆ ಕ್ಲಚ್ಚನ್ನು ತುಳಿದಾಗ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದು, ಬ್ರೇಕಿನ ಮೇಲಿರುವ ಬಲಗಾಲು ಆಕ್ಸಿಲರೇಟರನ್ನು ಬಿಟ್ಟಿರುವುದರಿಂದ, ಇಂಜಿನ್ನಿನ ಸುತ್ತು ಏರುವ ಬದಲು ಇಳಿಯುತ್ತದೆ. ಹಾಗೆ ಇಳಿದಿರುವಾಗಲೇ ಕ್ಲಚ್ಚನ್ನು ಬಿಟ್ಟರೆ, ಕೊರತೆಯಾದ ಸುತ್ತುಗಳನ್ನೆಲ್ಲಾ ಚಕ್ರಗಳೇ ಇಂಜಿನ್ನಿಗೆ ತುಂಬಿಕೊಡಬೇಕಾಗುತ್ತದೆ. ಆಗ ಕಾರು ಮುಗ್ಗರಿಸುತ್ತದೆ, ಕ್ಲಚ್ಚಿನ ತಟ್ಟೆ ಸವೆಯುತ್ತದೆ, ತಿರುವಿನಲ್ಲಿದ್ದರೆ ಹಿಂದಿನ ಚಕ್ರಗಳು ನೆಲದ ಹಿಡಿತವನ್ನು ಕಳೆದುಕೊಂಡು ಜಾರಲೂಬಹುದು.

ಇದನ್ನು ತಪ್ಪಿಸಲು ನುರಿತ ಚಾಲಕರು ಬಲಗಾಲಿನ ಮುಂಭಾಗದಿಂದ ಬ್ರೇಕನ್ನು ಒತ್ತಿಕೊಂಡೇ, ಹಿಮ್ಮಡಿಯಿಂದಲೋ ಪಾದದ ಅಂಚಿನಿಂದಲೋ ಆಕ್ಸಿಲರೇಟರನ್ನು ಒಮ್ಮೆ ತಟ್ಟಿ ಇಂಜಿನ್ನನ್ನು ಎಬ್ಬಿಸುವರು. ಇದು ಸುಲಭವಾಗಿ ಬರುವ ವಿದ್ಯೆಯಲ್ಲ. ನಿಸಾನಿನವರು 2008ರ ಕೊನೆಯಲ್ಲಿ ಲಾಸ್ ಏಂಜಲೀಸಿನ ಪ್ರದರ್ಶನದಲ್ಲಿ ತೋರಿಸಿ, 2009ರ ಮಾದರಿಯೆಂದು ಮಾರಾಟಕ್ಕೆ ತಂದ ಈ ಕಾರಿನಲ್ಲಿ ಆ ಕೆಲಸವನ್ನು ಗಣಕಕ್ಕೆ ಒಪ್ಪಿಸಿದರು. ಕ್ಲಚ್ಚನ್ನು ತುಳಿದ ಸಮಾಚಾರವನ್ನು ಒಂದು ಸಂವೇದಕವು ಗಣಕಕ್ಕೆ ತಿಳಿಸುತ್ತದೆ. ಗೇರುಕೋಲು ಯಾವ ಮನೆಯ ಕಡೆಗೆ ಹೊರಟಿದೆಯೆಂಬುದನ್ನು ಇನ್ನೊಂದು ತಿಳಿಸುತ್ತದೆ. ಕಾರಿನ ವೇಗವು ಮೊದಲೇ ಗೊತ್ತಿರುತ್ತದೆ. ವೇಗವನ್ನು ಹೊಸ ಗೇರಿನ ಪ್ರಮಾಣದಿಂದ ಗುಣಿಸಿ, ಬೇಕಾದ ಸುತ್ತನ್ನು ಲೆಕ್ಕಹಾಕಿ, ಗಣಕವು ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲನ್ನು ಅಷ್ಟೇ ಹೊತ್ತು ತೆರೆಯುತ್ತದೆ. ಚಾಲಕನ ಕಾಲು ಕ್ಲಚ್ಚಿನಿಂದ ಮೇಲೇಳುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಮೇಲಿನ ಗೇರಿಗೆ ಹೋಗುವಾಗಲೂ ಇದೇ ಲೆಕ್ಕ. ಆದರೆ ಆಗ ಸುತ್ತು ಇಳಿಯುತ್ತಾ ಬಂದು ಸರಿಯಾದ ಸ್ಥಾನದಲ್ಲಿ ನಿಲ್ಲಬೇಕು. ಆಕ್ಸಿಲರೇಟರಿಗೂ ಥ್ರಾಟಲಿಗೂ ಬರಿಯ ಉಕ್ಕಿನ ತಂತಿಯ ಸಂಬಂಧವಿದ್ದ ಕಾಲದಲ್ಲಿ ಇದು ಆಗದ ಮಾತಾಗಿದ್ದಿತು. ಕಾಲಿನ ಅಪ್ಪಣೆಯನ್ನು ವಿದ್ಯುತ್ತು ಒಯ್ಯುವಂತಾದ ಮೇಲೆ, ಅಪ್ಪಣೆಯಿಲ್ಲದೆಯೂ ಥ್ರಾಟಲು ತೆರೆಯುವುದು ಸಾಧ್ಯವಾಯಿತು. ಬೇಡವೆನ್ನುವವರು ಗುಂಡಿಯನ್ನೊತ್ತಿ ಇದನ್ನು ಸುಮ್ಮನಿರಿಸಬಹುದು.

ಮಗನು ಇದನ್ನೆಲ್ಲಾ ಹೇಳುತ್ತಿರುವಾಗ ನನ್ನ ಮನಸ್ಸು ಚಾರ್ಮಾಡಿ ಘಟ್ಟದಲ್ಲಿದ್ದಿತು.

ನಮ್ಮ ತಂದೆಯವರು ಮೂಡಿಗೆರೆಯ ಕಡೆಯ ತೋಟಗಳಿಂದ ಕಾಫಿಯನ್ನು ತುಂಬಿಕೊಂಡು, ಕೊಟ್ಟಿಗೆಹಾರದಿಂದ ಘಟ್ಟವಿಳಿದು, ಅದನ್ನು ಮಂಗಳೂರಿನ ಸಂಸ್ಕರಣದ ಕಾರ್ಖಾನೆಗಳಿಗೆ ಮುಟ್ಟಿಸುತ್ತಿದ್ದರು. ಅವರ ಲಾರಿ ಬಹು ಹಳೆಯದು. ಗೇರು ಬದಲಾಯಿಸುವಾಗ ಹಲ್ಲುಚಕ್ರಗಳ ವೇಗವನ್ನು ತಾನಾಗಿ ಸಮಮಾಡುವ ಸಿಂಕ್ರೋಮೆಶ್ ಎಂಬ ಏರ್ಪಾಡನ್ನು ಅಮೆರಿಕಾದ ಕ್ಯಾಡಿಲಾಕ್ ಕಾರುಗಳಲ್ಲಿ 1928ರಲ್ಲಿಯೇ ತಂದಿದ್ದರೂ, ಆ ಭಾಗ್ಯ ನಮ್ಮ ತಂದೆಯವರ ಲಾರಿಗೆ ಬಂದಿರಲಿಲ್ಲ. ಅದರಲ್ಲಿ ಒಂದು ಗೇರು ಇಳಿಸಬೇಕಾದರೆ ಕ್ಲಚ್ಚನ್ನು ತುಳಿದು, ಕೋಲನ್ನು ನ್ಯೂಟ್ರಲ್ಲಿಗೆ ತಂದು, ಕ್ಲಚ್ಚನ್ನು ಬಿಟ್ಟು, ರೇಸು ಕೊಟ್ಟು, ಮತ್ತೆ ಕ್ಲಚ್ಚನ್ನು ತುಳಿದು, ಆಮೇಲೆ ಕೋಲನ್ನು ಕೆಳಗಿನ ಗೇರಿಗೆ ಹಾಕಬೇಕು. ಇದಕ್ಕೆ ಡಬಲ್ ಕ್ಲಚ್ ಎಂದು ಹೆಸರು. ರೇಸು ಹೆಚ್ಚಾದರೂ ಕಡಮೆಯಾದರೂ ಹಲ್ಲಿಗೆ ಹಲ್ಲು ತಾಗಿ ಕಿರ್ರೆನ್ನುತ್ತದೆ, ಗೇರು ಬೀಳುವುದಿಲ್ಲ. ಸಮಭೂಮಿಯಲ್ಲಿ ಇದು ನಗೆಪಾಟಲಿನ ವಿಷಯ. ಘಟ್ಟದ ಇಳಿಜಾರಿನಲ್ಲಿ ಹಾಗಲ್ಲ. ಅಲ್ಲಿ ಗೇರು ಬೀಳದ ಲಾರಿಯನ್ನು ಇಂಜಿನ್ನು ಹಿಡಿದಿರುವುದಿಲ್ಲ. ಭಾರವನ್ನೆಲ್ಲಾ ಬ್ರೇಕೊಂದೇ ತಡೆಯಬೇಕು, ಬ್ರೇಕು ಕಾದು ಸೋತರೆ ಕಣಿವೆಯೇ ಗತಿ.

ಮಗನ ಕಾರನ್ನು ನೋಡಿದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ತಂದೆಯವರು ಆ ಒಂದು ರೇಸಿನಿಂದ ಎರಡು ಕೆಲಸಗಳನ್ನು ಸಾಧಿಸುತ್ತಿದ್ದರು: ಗೇರುಪೆಟ್ಟಿಗೆಯೊಳಗಿನ ಹಲ್ಲುಗಳನ್ನು ಹೊಂದಿಸುವುದು ಒಂದು, ಇಂಜಿನ್ನನ್ನು ಚಕ್ರಗಳ ವೇಗಕ್ಕೆ ಹೊಂದಿಸುವುದು ಇನ್ನೊಂದು. ಮೊದಲನೆಯದನ್ನು 1928ರ ಸಿಂಕ್ರೋಮೆಶ್ ಕಲಿಯಿತು. ಎರಡನೆಯದನ್ನು ಅದಾದ 80 ವರ್ಷಗಳ ಮೇಲೆ ಈ ಗಣಕವು ಕಲಿಯಿತು. ಅವರಿಗೆ ಪ್ರಮಾಣವೆಂದರೇನೆಂದು ಗೊತ್ತಿರಲಿಲ್ಲ. ಸುತ್ತುಗಳನ್ನು ತೋರಿಸುವ ಮುಳ್ಳೂ ಲಾರಿಯಲ್ಲಿರಲಿಲ್ಲ. ಅವರ ಲೆಕ್ಕವೆಲ್ಲಾ ಕಿವಿಯಲ್ಲಿದ್ದಿತು. "ಇಂಜಿನ್ನು ತಾನೇ ಕರೆಯುತ್ತದೆ ಮಗು, ಆಗ ಗೇರು ಹಾಕಬೇಕು" ಎನ್ನುತ್ತಿದ್ದರು.

ಇಷ್ಟು ಬರೆದ ಮೇಲೆ ಉಳಿದುದನ್ನೂ ಬರೆಯುವುದೇ ನ್ಯಾಯ.

1972ರ ಫೆಬ್ರವರಿಯಲ್ಲಿ ನಾನು ಮಂಗಳೂರಿನಲ್ಲಿ ಓದುತ್ತಿದ್ದೆನು. ಶಿವರಾತ್ರಿಯ ರಜ ಕಳೆದು, ತಂದೆಯವರ ಲಾರಿಯಲ್ಲಿಯೇ ಹಿಂದಿರುಗಿ ಹೊರಟೆನು. ಕ್ಲೀನರ್ ಹುಡುಗನು ಹಿಂದೆ ಮೂಟೆಗಳ ಮೇಲೆ ಕುಳಿತಿದ್ದನು. ವರ್ಷಗಟ್ಟಲೆ ಇಂಜಿನ್ನಿನ ಪಕ್ಕದಲ್ಲಿ ಕುಳಿತು ತಂದೆಯವರ ಕಿವಿ ಮಂದವಾಗುತ್ತಾ ಬಂದಿದ್ದುದು ಮನೆಯಲ್ಲಿ ನಮಗೆಲ್ಲಾ ತಿಳಿದಿದ್ದಿತು. ಆದರೆ ಅದನ್ನು ಅವರೆದುರಿಗೆ ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಮೊದಲನೆಯ ದೊಡ್ಡ ತಿರುವಿನಲ್ಲಿ ಗೇರು ಕಿರ್ರೆಂದಿತು. ಅವರು ನನ್ನ ಕಡೆಗೆ ತಿರುಗಿ, "ಸರಿಯಾಗಿ ಬಿತ್ತೇನೋ?" ಎಂದು ಕೇಳಿದರು. ಹಿಂದೆ ಎಂದೂ ಹಾಗೆ ಕೇಳಿದವರಲ್ಲ. ನಾನು, "ಸರಿಯಾಗಿ ಬಿತ್ತು ಅಪ್ಪಯ್ಯ" ಎಂದೆನು. ಎರಡನೆಯ ತಿರುವಿನಲ್ಲಿ ಸದ್ದು ಇನ್ನೂ ಹೆಚ್ಚಾಯಿತು. ಮತ್ತೆ ಕೇಳಿದರು, ಮತ್ತೆ ಅದನ್ನೇ ಹೇಳಿದೆನು. ಮೂರನೆಯದರಲ್ಲಿ ಗೇರು ಬೀಳಲೇ ಇಲ್ಲ. ಲಾರಿ ನ್ಯೂಟ್ರಲ್ಲಿನಲ್ಲಿ ಇಳಿಯತೊಡಗಿತು. ತಂದೆಯವರು ಬ್ರೇಕಿನ ಮೇಲೆ ಎದ್ದುನಿಂತಂತೆ ತುಳಿದು, ಬಲವೆಲ್ಲವನ್ನೂ ಹಾಕಿ ಚಕ್ರವನ್ನು ಬೆಟ್ಟದ ಕಡೆಗೆ ತಿರುಗಿಸಿದರು. ಕ್ಲೀನರ್ ಹುಡುಗನು ಮರದ ತುಂಡನ್ನು ಹಿಡಿದು ಹಾರಿದನು. ಲಾರಿಯ ಪಕ್ಕ ಮಣ್ಣಿನ ಗೋಡೆಗೆ ಒರಸಿಕೊಂಡು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಬಹಳ ಹೊತ್ತು ಅವರು ಮಾತನಾಡಲಿಲ್ಲ. ಆಮೇಲೆ, "ನಿನಗೆ ಕೇಳಿಸಿತ್ತು, ಅಲ್ಲವೆ?" ಎಂದರು. ನಾನು ತಲೆ ತಗ್ಗಿಸಿದೆನು. "ಮೊದಲೇ ಹೇಳಬೇಕಾಗಿತ್ತು, ಮಗು" ಎಂದಷ್ಟೇ ಹೇಳಿದರು. ನಿಂತ ಗಾಡಿಗೆ ಮೊದಲನೆಯ ಗೇರನ್ನು ಹಾಕಲು ಕಿವಿ ಬೇಕಾಗಿಲ್ಲ. ಆ ಒಂದೇ ಗೇರಿನಲ್ಲಿ, ಎತ್ತಿನ ಗಾಡಿಯಂತೆ, ಘಟ್ಟದ ಬುಡದವರೆಗೂ ಇಳಿಸಿದರು. ತಿಂಗಳು ತುಂಬುವುದರೊಳಗೆ ಕೆಲಸವನ್ನು ಬಿಟ್ಟರು. 1990ರಲ್ಲಿ ತೀರಿಕೊಳ್ಳುವವರೆಗೂ ಆ ದಿನದ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಸುಳ್ಳು ಹೇಳಿದುದು ಅವರ ಮೇಲಿನ ಪ್ರೀತಿಯಿಂದಲೇ. ಅವರ ಮಾನ ಹೋಗಬಾರದೆಂಬ ದಾಕ್ಷಿಣ್ಯದಿಂದಲೇ. ಆದರೆ ಆ ದಾಕ್ಷಿಣ್ಯವು ಮೂರು ಜನರ ಪ್ರಾಣವನ್ನು ಕಣಿವೆಯ ಅಂಚಿಗೆ ತಂದಿದ್ದಿತು.

ಮನುಷ್ಯನ ವಿದ್ಯೆಯನ್ನು ಯಂತ್ರವು ಕಸಿದುಕೊಳ್ಳುತ್ತಿದೆಯೆಂದು ಕೊರಗುವವರ ಸಾಲಿನಲ್ಲಿ ನಾನೂ ಒಬ್ಬನು. ಆದರೆ ಆ ದಿನ ಬೆಟ್ಟದ ಬದಿಯಲ್ಲಿ ಕುಳಿತು, ಆ ಗುಂಡಿಯನ್ನು ಹೀಯಾಳಿಸಲು ನನಗೆ ಬಾಯಿ ಬರಲಿಲ್ಲ. ಅಂತಹುದೊಂದು ಲಾರಿಯಲ್ಲಿದ್ದಿದ್ದರೆ ತಂದೆಯವರು ಇನ್ನೂ ಐದು ವರ್ಷ ದುಡಿಯುತ್ತಿದ್ದರೋ ಏನೋ. ಅದಕ್ಕೆ ಕಿವಿಯಿಲ್ಲ, ಆದುದರಿಂದ ಕಿವುಡಾಗುವ ಭಯವೂ ಇಲ್ಲ. ಅದಕ್ಕೆ ದಾಕ್ಷಿಣ್ಯವೂ ಇಲ್ಲ. ಆದರೂ ಒಂದು ಸಂದೇಹ ಉಳಿಯಿತು. ಚಾಲಕನ ತಪ್ಪನ್ನು ಅದು ಪ್ರತಿಸಲವೂ ಮೌನವಾಗಿ ತಿದ್ದುತ್ತದೆ. ತಪ್ಪಾಯಿತೆಂದು ಒಮ್ಮೆಯೂ ಹೇಳುವುದಿಲ್ಲ. ಹಾಗೆ ಮಾಡುವುದಕ್ಕೂ ನಾನು ಅಂದು ಮಾಡಿದುದಕ್ಕೂ ಎಷ್ಟು ದೂರ?

ಮಗನಿಗೆ, "ಅದನ್ನು ಒಂದು ಗಳಿಗೆ ನಿಲ್ಲಿಸು" ಎಂದೆನು. ಅವನು ಗುಂಡಿಯನ್ನೊತ್ತಿ ಹೊರಟನು. ನೇರವಾದ, ಬರಿದಾದ ರಸ್ತೆಯಲ್ಲಿ ಮೂರರಿಂದ ಎರಡಕ್ಕೆ ಇಳಿಸಿದನು. ಕಾರು ಮುಗ್ಗರಿಸಿ, ನಮ್ಮಿಬ್ಬರ ತಲೆಗಳೂ ಮುಂದಕ್ಕೆ ಬಾಗಿದುವು.

"ಹೇಗಿತ್ತು ಅಪ್ಪ?" ಎಂದು ಕೇಳಿದನು.

ಆ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. "ಚೆನ್ನಾಗಿರಲಿಲ್ಲ. ಕ್ಲಚ್ಚನ್ನು ಬಿಡುವ ಮೊದಲು ಸ್ವಲ್ಪ ರೇಸು ಕೊಡು. ಮುಳ್ಳನ್ನು ನೋಡಬೇಡ, ಕೇಳು" ಎಂದೆನು. ಎರಡನೆಯ ಸಲ ರೇಸು ಅತಿಯಾಯಿತು, ಹಾಗೆಂದೇ ಹೇಳಿದೆನು. ಮೂರನೆಯ ಸಲ ಕಡಮೆಯಾಯಿತು; ಅದನ್ನೂ ಹೇಳಿದೆನು. ಅವನ ಮುಖ ಸಣ್ಣದಾಯಿತು, ನಾನು ನಿಲ್ಲಿಸಲಿಲ್ಲ. ಏಳನೆಯದೋ ಎಂಟನೆಯದೋ ಸಲ ಗೇರು ಬೆಣ್ಣೆಯಲ್ಲಿ ಬಿದ್ದಂತೆ ಬಿದ್ದು, ಕಾರು ಅಲುಗದೆ ಮುಂದುವರಿಯಿತು. ನನಗೆ ಕೇಳಿಸುವ ಮೊದಲೇ ಅವನಿಗೆ ಕೇಳಿಸಿತ್ತೆಂದು ಅವನ ಮುಖದಿಂದಲೇ ತಿಳಿಯಿತು.

ಮುಂದೆ ತಿರುವುಗಳು ಬಂದುವು. ಅವನು ಗುಂಡಿಯನ್ನು ಮತ್ತೆ ಒತ್ತಿದನು. ನಾನು ಬೇಡವೆನ್ನಲಿಲ್ಲ. ಕಣಿವೆಯ ಪಕ್ಕದಲ್ಲಿ ಪಾಠ ಕಲಿಯಬಾರದೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಮನೆಗೆ ಬಂದ ಮೇಲೆ ಅವನು ತನ್ನ ಹೆಂಡತಿಯೆದುರಿಗೆ, "ಇವತ್ತು ಅಪ್ಪ ನನಗೆ ಗಾಡಿ ಓಡಿಸುವುದನ್ನು ಹೇಳಿಕೊಟ್ಟರು" ಎಂದನು. ಸೊಸೆ ನನ್ನನ್ನು ಸಂಶಯದಿಂದ ನೋಡಿದಳು. ನಾನು ಹೇಳಿಕೊಟ್ಟುದಲ್ಲ, ಅವನ ಅಜ್ಜ ಹೇಳಿಕೊಟ್ಟುದೆಂದು ತಿದ್ದಿದೆನು. ಆ ರಾತ್ರಿ ಊಟವಾದ ಮೇಲೆ ಚಾರ್ಮಾಡಿಯ ಕಥೆಯನ್ನು, ನನ್ನ ಎರಡು ಸುಳ್ಳುಗಳನ್ನೂ ಬಿಡದೆ, ಮೊದಲನೆಯ ಸಲ ಅವರಿಬ್ಬರಿಗೂ ಹೇಳಿದೆನು.