ಸೊಪ್ಪು ಬಂತು, ಗೆಡ್ಡೆ ಬರಲಿಲ್ಲ

ನನ್ನ ತವರು ಹಾಸನದ ಹತ್ತಿರದ ಒಂದು ಹಳ್ಳಿ. ಆ ಕಡೆ ಆಲೂಗೆಡ್ಡೆ ಅಂದರೆ ವರ್ಷದ ಲೆಕ್ಕಾಚಾರ. ಮಗಳ ಮದುವೆ, ಮನೆಯ ಹೆಂಚು, ಸೊಸೈಟಿ ಸಾಲ ಎಲ್ಲವೂ ಆಲೂಗೆಡ್ಡೆ ದುಡ್ಡಿನ ಮೇಲೆ ನಿಂತಿರುತ್ತಿತ್ತು. ಮೇ ತಿಂಗಳ ಮಳೆಗೆ ಬಿತ್ತಿದರೆ ಗೌರಿಹಬ್ಬದ ಆಸುಪಾಸಿಗೆ ಕೀಳುವ ಕಾಲ. ಅಪ್ಪ ಮುಂದೆ ನೇಗಿಲು ಹೊಡೆಯುತ್ತಿದ್ದರು. ಹಿಂದೆ ಮಕ್ಕಳೆಲ್ಲ ಕುಕ್ಕೆ ಹಿಡಿದು ಆಯುತ್ತಾ ಹೋಗುತ್ತಿದ್ದೆವು. ಸಂಜೆ ಕಣದಲ್ಲಿ ಕೂತು ದಪ್ಪದ್ದು, ಮಧ್ಯಮ, ಗೋಲಿ ಎಂದು ಮೂರು ರಾಶಿ ಮಾಡುವುದು ಹೆಣ್ಣುಮಕ್ಕಳ ಕೆಲಸ. ಇಷ್ಟು ಮಾಡಿದ್ದ ನನಗೆ, ಆಲೂಗೆಡ್ಡೆ ಬೆಳೆಯುವುದನ್ನು ಇನ್ನೊಬ್ಬರಿಂದ ಕಲಿಯಬೇಕಿಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಕೂತಿತ್ತು. ಮುಂದೆ ಆದದ್ದಕ್ಕೆಲ್ಲ ಆ ನಂಬಿಕೆಯೇ ಮೂಲ.

ಮದುವೆಯಾಗಿ ಬಂದದ್ದು ಶ್ರೀರಂಗಪಟ್ಟಣದ ಗಂಜಾಂಗೆ. ಇದು ಕಾವೇರಿ ಬಳಸಿ ಹರಿಯುವ ಊರು. ಸುತ್ತ ಭತ್ತ, ಕಬ್ಬು, ತೆಂಗು. ಒಂದು ಕಾಲಕ್ಕೆ ಗಂಜಾಂ ಅಂಜೂರಕ್ಕೆ ಹೆಸರಾಗಿತ್ತು. ನಮ್ಮ ಮನೆಯ ಹಿತ್ತಲೂ ದೊಡ್ಡದೇ. ಬಾಳೆ, ನುಗ್ಗೆ, ಕರಿಬೇವು, ಒಂದೆರಡು ಮಡಿ ಸೊಪ್ಪು ಹೇಗೆ ಹಾಕಿದರೂ ಬರುತ್ತಿದ್ದವು. ಕೆಲಸದಿಂದ ನಿವೃತ್ತಳಾದ ಮೇಲೆ ಮೊಬೈಲಿನಲ್ಲಿ ಕೈತೋಟದ ವಿಡಿಯೋ ನೋಡುವ ಅಭ್ಯಾಸ ಹತ್ತಿತು. ಯಾವುದೋ ದೇಶದಲ್ಲಿ ಒಬ್ಬ ಮನುಷ್ಯ ಚೀಲ ಬೋರಲು ಹಾಕುತ್ತಾನೆ, ಕಪ್ಪು ಮಣ್ಣಿನ ಜೊತೆ ಆಲೂಗೆಡ್ಡೆ ದಬದಬನೆ ಉರುಳುತ್ತವೆ. ಇನ್ನೊಬ್ಬಳು ನೆಲ ಅಗೆಯುವುದೇ ಇಲ್ಲ, ಹುಲ್ಲು ಸರಿಸಿದರೆ ಸಾಕು, ತೊಳೆದಿಟ್ಟಷ್ಟು ಚೊಕ್ಕಟವಾದ ಗೆಡ್ಡೆ. ಈ ವಿಧಾನಗಳನ್ನೆಲ್ಲ ಹಿತ್ತಲಲ್ಲಿ ಒಟ್ಟಿಗೆ ಮಾಡಿ, ಯಾವುದು ಒಳ್ಳೆಯದೆಂದು ನಾನೇ ಕಂಡುಹಿಡಿಯುತ್ತೇನೆ ಎಂದು ಹೊರಟೆ.

ಶಿವರಾತ್ರಿ ಕಳೆದಿತ್ತು. ಅಡುಗೆಮನೆಯ ಬುಟ್ಟಿಯಲ್ಲಿ ಅಂಗಡಿಯಿಂದ ತಂದಿದ್ದ ಆಲೂಗೆಡ್ಡೆ ಮೊಳಕೆ ಒಡೆದಿದ್ದವು. ಒಂದೊಂದು ಹೋಳಿಗೂ ಎರಡು ಮೂರು ಕಣ್ಣು ಉಳಿಯುವಂತೆ ಕೊಯ್ದೆ. ಗಾಯ ಒಣಗಲಿ ಎಂದು ಒಂದೆರಡು ದಿನ ನೆರಳಲ್ಲಿ ಹರಡಬೇಕು. ಆ ತಾಳ್ಮೆಯೂ ನನಗಿರಲಿಲ್ಲ. ಹಸಿ ಹೋಳನ್ನೇ ಎತ್ತಿಕೊಂಡು ಹಿತ್ತಲಿಗೆ ನಡೆದೆ. ಒಂದು ಕಡೆ ನಮ್ಮಪ್ಪನ ರೀತಿ ಸಾಲು ತೆಗೆದು ನೆಟ್ಟು, ಗಿಡ ಎದ್ದಂತೆ ಬುಡಕ್ಕೆ ಮಣ್ಣು ಏರಿಸುವುದು. ಇನ್ನೊಂದು ಕಡೆ ಖಾಲಿ ಸಿಮೆಂಟ್ ಚೀಲದ ಬಾಯಿ ಮಡಿಸಿ, ತಳಕ್ಕೆ ಮಣ್ಣು ಗೊಬ್ಬರ ತುಂಬಿ ನೆಟ್ಟು, ಗಿಡ ಬೆಳೆದ ಹಾಗೆಲ್ಲ ಚೀಲ ಎತ್ತರಿಸುತ್ತಾ ಮಣ್ಣು ಸುರಿಯುವುದು. ಮೂರನೆಯದಕ್ಕೆ ನೆಲದ ಮೇಲೇ ಹೋಳು ಜೋಡಿಸಿ ಮೊಣಕೈ ಮುಳುಗುವಷ್ಟು ಭತ್ತದ ಹುಲ್ಲು ಹೊದಿಸಿದೆ. ಕೊಟ್ಟಿಗೆ ಗೊಬ್ಬರ ಸಾಲದೆಂದು ಯೂರಿಯಾ ಕೂಡ ಉದುರಿಸಿದೆ.

ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಆಕೆ, "ಈಗ ಯಾರು ಆಲೂಗೆಡ್ಡೆ ಹಾಕ್ತಾರೆ ಮಗ? ಬಿಸ್ಲು ಬಂತಲ್ಲ" ಎಂದಳು. "ಇದು ಬೇರೆ ರೀತಿ ಕಣವ್ವ, ನಿಮ್ಮ ಕಾಲದ್ದಲ್ಲ" ಎಂದೆ. ಅವ್ವ ಮರುಮಾತಾಡದೆ ಮೊಮ್ಮಕ್ಕಳ ಸುದ್ದಿ ಕೇಳಿದಳು.

ಗಿಡಗಳು ಎದ್ದು ಬಂದವು. ಚೀಲದಲ್ಲಿದ್ದ ಕೆಲವು ಹೋಳು ಕೊಳೆತವಾದರೂ ಉಳಿದವು ಸೊಂಪಾಗಿ ಬೆಳೆದವು. ಸೊಂಟದವರೆಗೆ ಬಂದ ಆ ದಟ್ಟ ಹಸಿರನ್ನು ನೋಡಿದವರೆಲ್ಲ, "ಏನ್ ಮೇಡಂ, ಹಾಸನವನ್ನೇ ಇಲ್ಲಿಗೆ ತಂದ್ಬುಟ್ರಲ್ಲ" ಎನ್ನುತ್ತಿದ್ದರು. ನಾನು ಹಿಗ್ಗಿದೆ. ಫೋಟೋ ತೆಗೆದು ಬಂಧುಗಳಿಗೆಲ್ಲ ಕಳಿಸಿದೆ. ಪಕ್ಕದ ಬೀದಿಯ ಒಬ್ಬ ಹುಡುಗಿ, ಎರಡು ಪುಟ್ಟ ಮಕ್ಕಳ ತಾಯಿ, ದಿನಾ ಬಂದು ನೋಡುತ್ತಿದ್ದಳು. "ನಮ್ಗೆ ಹಿತ್ಲಿಲ್ಲ ಅಕ್ಕ, ತಾರಸಿ ಮೇಲೆ ಆಗುತ್ತಾ?" ಎಂದು ಕೇಳಿದಳು. ಆಗದೇ ಏನು ಎಂದೆ. ಚೀಲ, ಒಂದು ಟ್ರ್ಯಾಕ್ಟರ್ ಮಣ್ಣು, ಗೊಬ್ಬರ, ಮೇಲಕ್ಕೆ ಹೊತ್ತು ಹಾಕಲು ಕೂಲಿ ಎಲ್ಲಕ್ಕೂ ಅವಳು ದುಡ್ಡು ಹೊಂದಿಸಿಕೊಂಡಳು. ಎಷ್ಟು ಗೊಬ್ಬರ, ಎಷ್ಟು ನೀರು ಎಂದು ನಿಂತು ಹೇಳಿಕೊಟ್ಟವಳು ನಾನೇ. ಅಷ್ಟು ಹೊತ್ತಿಗೆ ನಾನು ಒಂದು ಗೆಡ್ಡೆಯನ್ನೂ ಕಿತ್ತಿರಲಿಲ್ಲ.

ಕೀಳುವುದಕ್ಕೆ ಒಂದು ಅಮಾವಾಸ್ಯೆಯನ್ನು ಗೊತ್ತು ಮಾಡಿದೆ. ಅವತ್ತು ನಿಮಿಷಾಂಬ ದೇವಸ್ಥಾನಕ್ಕೆ ಜನ ಸೇರುತ್ತಾರೆ. ಊರಿಂದ ಅಣ್ಣ ಅತ್ತಿಗೆಯೂ ಬರುವವರಿದ್ದರು. "ಊಟಕ್ಕೆ ನಮ್ಮನೆಗೇ ಬನ್ನಿ, ಹಿತ್ತಲ ಆಲೂಗೆಡ್ಡೆ ಸಾಗು, ಪೂರಿ" ಎಂದು ಮೊದಲೇ ಹೇಳಿದ್ದೆ. ತಾರಸಿ ಮನೆಯ ಹುಡುಗಿಯನ್ನೂ ಕರೆದಿದ್ದೆ.

ದೇವಸ್ಥಾನದಿಂದ ಬಂದವರನ್ನು ನೇರ ಹಿತ್ತಲಿಗೇ ಕರೆದುಕೊಂಡು ಹೋದೆ. ಸಾಲಿನ ಮೊದಲ ಗಿಡಕ್ಕೆ ಗುದ್ದಲಿ ಹಾಕಿ ಬುಡ ಎತ್ತಿದೆ. ಬೇರಿನ ಜೊತೆ ಉದ್ದುದ್ದ ಬಿಳಿ ಎಳೆಗಳು ಬಂದವು. ಅವುಗಳ ತುದಿಯಲ್ಲಿ ಏನೂ ಇರಲಿಲ್ಲ. ಕೆಲವು ಎಳೆ ಮಣ್ಣು ಸೀಳಿ ಮೇಲೆ ಬಂದು ಎಲೆಯನ್ನೇ ಬಿಟ್ಟಿದ್ದವು. ಎರಡನೆಯ ಗಿಡಕ್ಕೂ ಅದೇ ಗತಿ. ಮೂರನೆಯದರಲ್ಲಿ ಅವರೆಕಾಳಿನಷ್ಟು ದಪ್ಪದ ಒಂದೆರಡು ಗಂಟು. ಆಮೇಲೆ ಚೀಲದ ಬಳಿ ಹೋದೆ. ವಿಡಿಯೋದಲ್ಲಿ ಕಂಡ ಹಾಗೆ ಬೋರಲು ಹಾಕಿದೆ. ಕಾದು ಬೆಚ್ಚಗಾಗಿದ್ದ ಮಣ್ಣು ಬಿತ್ತು, ಅದರ ತಳದಲ್ಲಿ ನಾನು ನೆಟ್ಟ ಹೋಳೇ ಕೊಳೆತು ನಾರುತ್ತಾ ಬಿದ್ದಿತ್ತು. ಅತ್ತಿಗೆ ಸೆರಗನ್ನು ಮೂಗಿಗೆ ತಂದುಕೊಂಡವರು, ನಾನು ನೋಡಿದ್ದು ಕಂಡು ಕೈ ಇಳಿಸಿಬಿಟ್ಟರು. ಹುಲ್ಲಿನ ಅಡಿಯಲ್ಲಿ ಗೆದ್ದಲು ಹಬ್ಬಿತ್ತು. ಅಲ್ಲಿ ಸಿಕ್ಕ ಕೆಲವು ಪುಟ್ಟ ಗೆಡ್ಡೆಗಳು ಬೆಳಕು ತಾಗಿ ಹಸಿರಾಗಿದ್ದವು. ಹಸಿರು ತಿರುಗಿದ ಆಲೂಗೆಡ್ಡೆಯಲ್ಲಿ ಸೋಲನೈನ್ ಎಂಬ ವಿಷ ಸೇರಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಅವನ್ನೂ ಎಸೆಯಬೇಕಾಯಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೂ ನಿಲ್ಲಲು ಒಂದು ಆಸರೆಯಾಗುತ್ತಿತ್ತೇನೋ. ನಾನೇ ಬಾಯಿಗೆ ಬಂದದ್ದು ಹೇಳತೊಡಗಿದೆ. ಗೊಬ್ಬರ ಸರಿಯಿರಲಿಲ್ಲ ಎಂದೆ, ನಲ್ಲಿ ನೀರು ಸರಿಯಾಗಿ ಬರಲಿಲ್ಲ ಎಂದೆ, ಅಂಗಡಿಯವನು ಹಳೇ ಮಾಲು ಕೊಟ್ಟ ಎಂದೆ. ಹೇಳುತ್ತಿದ್ದಂತೆ ಅವು ಸುಳ್ಳೆಂದು ನನಗೇ ಗೊತ್ತಾಗುತ್ತಿತ್ತು. ಅತ್ತಿಗೆ ಒಳಗೆ ಹೋಗಿ ಹುಡುಗನ ಕೈಲಿ ಅಂಗಡಿಯಿಂದ ಆಲೂಗೆಡ್ಡೆ ತರಿಸಿ, ಒಲೆಯ ಮೇಲೆ ಇಟ್ಟಾಗಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಆ ಹುಡುಗಿಯ ಮುಖ ನೋಡುವುದು. ನನ್ನ ದುಡ್ಡು ನನ್ನದು, ನನ್ನ ಹಿತ್ತಲು ನನ್ನದು. ಅವಳು ಮನೆ ಖರ್ಚಿನಲ್ಲಿ ಉಳಿಸಿದ್ದನ್ನು ನನ್ನ ಮಾತಿನ ಮೇಲೆ ತಾರಸಿಗೆ ಹಾಕಿದ್ದಳು. ತಾರಸಿಯ ಬಿಸಿಗೆ ಅವಳ ಗಿಡಗಳು ಆಗಲೇ ಬಾಡಲು ಶುರುವಾಗಿದ್ದವು. "ನೀರು ಹಾಕು, ಸರಿಹೋಗುತ್ತೆ" ಎಂದು ನಾನು ಹೇಳುತ್ತಲೇ ಇದ್ದೆ. ಖರ್ಚು ನಾನು ಕೊಡುತ್ತೇನೆ ಎಂದೆ. ಅವಳು, "ಬುಡಿ ಅಕ್ಕ, ಮಣ್ಣು ಎಲ್ಲೋಯ್ತದೆ? ದಂಟು ಹಾಕ್ತೀನಿ" ಎಂದಳು. ಆಮೇಲೆ ಆ ಚೀಲಗಳಲ್ಲಿ ದಂಟು, ಕೀರೆ, ಮೆಂತ್ಯ ಬಂದವು. ಒಂದು ಕಟ್ಟು ನಮ್ಮ ಮನೆಗೂ ಕೊಟ್ಟಳು. ತೆಗೆದುಕೊಳ್ಳಲು ನನಗೆ ಬಹಳ ಸಂಕೋಚವಾಯಿತು.

ಅಣ್ಣ ಅವತ್ತು ಊಟವಾದ ಮೇಲೆ ಮತ್ತೆ ಹಿತ್ತಲಿಗೆ ಹೋಗಿ ಕೂತ. ಒಂದು ಹಿಡಿ ಮಣ್ಣು ಎತ್ತಿ ಹಿಚುಕಿ ನೋಡಿದ. "ಯಾವಾಗ ಹಾಕ್ದೆ ಕಣವ್ವ?" ಎಂದು ಕೇಳಿದ. ಹೇಳಿದೆ. "ಬಿತ್ತನೆ ಎಲ್ಲಿದು?" ಎಂದ. ಅದನ್ನೂ ಹೇಳಿದೆ. ಅಷ್ಟೇ. ಚೀಲವೋ ಸಾಲೋ ಹುಲ್ಲೋ ಎಂದು ಅವನು ಕೇಳಲೇ ಇಲ್ಲ. ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆ ಅವನ ಬಾಯಿಗೆ ಬರಲೇ ಇಲ್ಲ.

ಕಾರಣ ಕಷ್ಟದ್ದೇನೂ ಆಗಿರಲಿಲ್ಲ. ಆಲೂಗೆಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಬೆಳೆ, ಅದಕ್ಕೆ ತಂಪು ರಾತ್ರಿ ಬೇಕು. ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗಿದ್ದರೆ, ಎಲೆಯಲ್ಲಿ ಹುಟ್ಟುವ ಒಂದು ಸಂಕೇತ ಕಾಂಡದ ಮೂಲಕ ಇಳಿದು ಬಂದು ನೆಲದೊಳಗಿನ ಬಿಳಿ ಎಳೆಗಳ ತುದಿ ಊದತೊಡಗುತ್ತದೆ. ಆ ಊದಿದ ತುದಿಯೇ ಗೆಡ್ಡೆ. ಸೆಕೆ ಹೆಚ್ಚಾದರೆ ಸಂಕೇತ ಕುಗ್ಗುತ್ತದೆ, ಗಿಡ ತನ್ನ ಶಕ್ತಿಯನ್ನೆಲ್ಲ ಸೊಪ್ಪಿಗೆ ಹಾಕುತ್ತದೆ. ಮೇಲೆ ಯೂರಿಯಾ ಬಿದ್ದರೆ ಕೇಳುವುದೇ ಬೇಡ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಮಳೆಗಾಲದ ಮೋಡ ಅಲ್ಲಿಯ ಹೊಲವನ್ನು ತಂಪಾಗಿಡುತ್ತದೆ. ಶ್ರೀರಂಗಪಟ್ಟಣದ ಎತ್ತರ 680 ಮೀಟರಿನ ಆಸುಪಾಸು. ಅದರಲ್ಲೂ ನಾನು ನೆಟ್ಟದ್ದು ಮಾರ್ಚಿ ಬಿಸಿಲಿಗೆ. ಜನ ಹೊಗಳಿದ ಆ ಹಸಿರೇ, ಕೆಳಗೆ ಏನೂ ಆಗುತ್ತಿಲ್ಲ ಎಂಬುದರ ಗುರುತಾಗಿತ್ತು.

ಇನ್ನು ಬಿತ್ತನೆ. ಅಂಗಡಿಯದು ತಿನ್ನುವ ಮಾಲು. ಯಾವ ತಳಿ, ಎಲ್ಲಿಯದು, ಯಾವ ರೋಗ ಹೊತ್ತು ಬಂದಿದೆ ಎಂದು ತಿಳಿಯುವುದಿಲ್ಲ. ನಮ್ಮ ಹಾಸನದ ರೈತರು ಪಂಜಾಬಿನ ಜಲಂಧರದಿಂದ ಲಾರಿಯಲ್ಲಿ ಬಂದ ಬಿತ್ತನೆಗೆ ಎಪಿಎಂಸಿ ಮುಂದೆ ಸಾಲು ನಿಲ್ಲುತ್ತಿದ್ದುದು ಸುಮ್ಮನೆ ಅಲ್ಲ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಜ್ಯೋತಿ ತಳಿಯ ಹೆಸರು ನಮ್ಮೂರಿನ ಮಕ್ಕಳಿಗೂ ಬರುತ್ತಿತ್ತು. ನನಗೂ ಬರುತ್ತಿತ್ತು. ಬಾಯಲ್ಲಿದ್ದ ಆ ಹೆಸರು ಕೆಲಸದ ಹೊತ್ತಿಗೆ ನೆನಪಾಗಲಿಲ್ಲ.

ಅಣ್ಣ ಯಾಕೆ ನಗಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಹಾಸನದ ಕಡೆ ಅಂಗಮಾರಿ ರೋಗ ಹೊಲ ಹೊಲವನ್ನೇ ತಿಂದಿತು. 1845ರಲ್ಲಿ ಐರ್ಲೆಂಡಿನ ಬೆಳೆ ಕೊಂದು ಬರ ತಂದದ್ದೂ ಇದೇ ರೋಗ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಎಲೆಯ ಮೇಲೆ ಕಪ್ಪು ಮಚ್ಚೆ ಬೀಳುತ್ತದೆ, ಕೆಲವೇ ದಿನಕ್ಕೆ ಇಡೀ ಹೊಲ ಸುಟ್ಟಂತಾಗುತ್ತದೆ. ಬಿತ್ತನೆಗೆ, ಔಷಧಿಗೆ ಮಾಡಿದ ಸಾಲ ಮಾತ್ರ ಹಾಗೇ ಉಳಿಯುತ್ತದೆ. ಅಣ್ಣ ಆಲೂಗೆಡ್ಡೆ ಕಡಿಮೆ ಮಾಡಿ ಜೋಳ, ಶುಂಠಿಗೆ ತಿರುಗಿದ್ದು ಆಗಲೇ. ಈಗ ಅಂಗಾಂಶ ಕೃಷಿಯ ತಾಯಿಗಿಡದ ಕುಡಿ ಚಿವುಟಿ, ಬೇರು ಬರಿಸಿದ ಸಸಿ ಕೊಡುತ್ತಿದ್ದಾರೆ, ಅದರಿಂದ ರೋಗವಿಲ್ಲದ ಬಿತ್ತನೆಯನ್ನು ಊರಲ್ಲೇ ಮಾಡಿಕೊಳ್ಳಬಹುದು ಎಂದು ಅವನು ಮತ್ತೆ ಸ್ವಲ್ಪ ಆಸೆ ಇಟ್ಟುಕೊಂಡಿದ್ದಾನೆ. ಆಲೂಗೆಡ್ಡೆ ಕೈಕೊಟ್ಟಾಗ ಏನಾಗುತ್ತದೆಂದು ಬಲ್ಲವನು ಅವನು. ನನಗೆ ಮುಖಭಂಗವಾಯಿತು, ಅಷ್ಟೇ. ಆ ಕಡೆಯ ರೈತರ ಮನೆಗಳಲ್ಲಿ ಮದುವೆಗಳು ನಿಂತುಹೋಗಿದ್ದವು. ಅದನ್ನು ಹತ್ತಿರದಿಂದ ಕಂಡಿದ್ದ ತವರಿನ ಮಗಳು ನಾನು, ಹಿತ್ತಲ ಸೊಪ್ಪು ನೋಡಿ ಹಿಗ್ಗಿದ್ದೆ.

ಆ ವರ್ಷ ದೀಪಾವಳಿ ಮುಗಿಯುತ್ತಲೇ ಅಣ್ಣ ಒಂದು ಕೈಚೀಲದಲ್ಲಿ ಬಿತ್ತನೆ ಕಳಿಸಿದ. ಭಾದ್ರಪದದಲ್ಲಿ ಕಿತ್ತು, ನೆರಳಲ್ಲಿ ಹರಡಿಟ್ಟಿದ್ದ ಕೋಳಿಮೊಟ್ಟೆ ಗಾತ್ರದ ಗೆಡ್ಡೆಗಳು. ಕಿತ್ತ ಗೆಡ್ಡೆಗೆ ಎರಡು ತಿಂಗಳಷ್ಟು ನಿದ್ದೆ ಇರುತ್ತದೆ. ಅದು ತೀರಿ, ಗಿಡ್ಡನೆಯ ದಪ್ಪ ಮೊಳಕೆ ಬಂದಿತ್ತು. ಕೊಯ್ಯದೆ ಇಡಿಯಾಗಿ ನೆಟ್ಟೆ. ಮೂರೂ ವಿಧಾನ ಮತ್ತೆ ಮಾಡಿದೆ. ಈ ಸಲ ಡಿಸೆಂಬರ್, ಜನವರಿಯ ಚಳಿ ಸಿಕ್ಕಿತು. ಗಿಡ ಮೊಣಕಾಲಿಗೇ ನಿಂತಿತು, ನೋಡಿದವರು ಯಾರೂ ಹೊಗಳಲಿಲ್ಲ.

ಕಿತ್ತಾಗ ಮೂರಕ್ಕೂ ವ್ಯತ್ಯಾಸ ಕಂಡಿತು. ಸಾಲು ತೆಗೆದು ಮಣ್ಣು ಏರಿಸಿದ್ದರಲ್ಲಿ ಹೆಚ್ಚು. ಹುಲ್ಲಿನ ಅಡಿಯದು ಚೊಕ್ಕಟವಾಗಿದ್ದರೂ, ಹುಲ್ಲು ತೆಳುವಾದ ಕಡೆ ಹಸಿರಾಗಿದ್ದವು, ಗೆದ್ದಲು ಕಾಯಬೇಕು. ಚೀಲದಲ್ಲಿ ಎಲ್ಲಕ್ಕಿಂತ ಕಡಿಮೆ. ಇದ್ದಷ್ಟೂ ತಳದಲ್ಲೇ ಇದ್ದವು, ಮೇಲೆ ಮೇಲೆ ಸುರಿದ ಮಣ್ಣಿನಲ್ಲಿ ಗೆಡ್ಡೆ ಕಟ್ಟಲಿಲ್ಲ. ಒಟ್ಟು ಸೇರಿಸಿದರೂ ಹಾಸನದವರು ನೋಡಿ ಮೆಚ್ಚುವ ಫಸಲಲ್ಲ. ಮನೆಗೆ ಕೆಲವು ದಿನದ ಪಲ್ಯಕ್ಕಾಯಿತು.

ಮೊದಲ ಸಲ ಮೂರೂ ವಿಧಾನ ಒಂದೇ ಥರ ಸೋತಾಗಲೇ ನನಗೆ ಗೊತ್ತಾಗಬೇಕಿತ್ತು, ತಪ್ಪು ವಿಧಾನದಲ್ಲಿಲ್ಲ, ಅದಕ್ಕೂ ಹಿಂದೆ ಇದೆ ಎಂದು. ಕಾಲ, ಬಿತ್ತನೆ, ನೆಲ ಇವು ಮೂರು ಸರಿಯಾದ ಮೇಲೆ ತಾನೇ ಚೀಲ ಮೇಲೋ ಸಾಲು ಮೇಲೋ ಎಂಬ ಮಾತು. ನಾನು ಚಿಕ್ಕಂದಿನಲ್ಲಿ ನೋಡಿದ್ದು ಆಯುವ ಕೆಲಸ ಮಾತ್ರ. ಬಿತ್ತನೆ ಆರಿಸಲು ಅಪ್ಪ ಎಪಿಎಂಸಿಯಲ್ಲಿ ರಾತ್ರಿ ಕಳೆದದ್ದು, ಮಳೆ ನೋಡಿ ಬಿತ್ತುವ ದಿನ ಮುಂದೂಡಿದ್ದು, ಅವ್ವ ಕೂತು ಒಂದೊಂದೇ ಕೊಳೆತ ಗೆಡ್ಡೆ ಬೇರ್ಪಡಿಸಿದ್ದು ಮಕ್ಕಳ ಲೆಕ್ಕಕ್ಕೆ ಬಂದಿರಲಿಲ್ಲ. ಮೊಬೈಲಿನಲ್ಲಿ ಕಂಡದ್ದೂ ಚೀಲ ಬೋರಲು ಹಾಕುವ ಆ ಕ್ಷಣವೇ. ಬೆಳೆಯ ಬಹುಪಾಲು ಯಾರ ಕಣ್ಣಿಗೂ ಬೀಳದ ಕಡೆ, ಯಾರೂ ಹೊಗಳದ ಹೊತ್ತಿನಲ್ಲಿ ನಡೆದುಹೋಗುತ್ತದೆ.

ಹೋದ ಕಾರ್ತಿಕದಲ್ಲಿ ಆ ತಾರಸಿಯ ಹುಡುಗಿ ಮತ್ತೆ ಕೇಳಿದಳು, "ಈ ಸಲ ನಾನೂ ಹಾಕ್ಲಾ ಅಕ್ಕ?" ನನ್ನ ಪಾಲಿನ ಬಿತ್ತನೆಯಲ್ಲಿ ಅರ್ಧ ಅವಳಿಗೆ ಕೊಟ್ಟೆ. ಹೊಸ ಚೀಲ ಕೊಳ್ಳಬೇಡ, ದಂಟಿನ ಚೀಲದಲ್ಲೇ ಹಾಕು, ಯೂರಿಯಾ ಮುಟ್ಟಬೇಡ, ಬಂದರೆ ಬಂತು ಅಂದುಕೋ ಎಂದೆ. ಅವಳು ಕೇಳಿದ ಉಳಿದ ಪ್ರಶ್ನೆಗಳಿಗೆ ನನಗೆ ಉತ್ತರ ಗೊತ್ತಿರಲಿಲ್ಲ. ಅಣ್ಣನ ನಂಬರಿಗೆ ಫೋನ್ ಹಚ್ಚಿ ಅವಳ ಕೈಗೇ ಕೊಟ್ಟೆ.