ಹಗ್ಗವೂ ಹಾವೂ

ಪಾಠಶಾಲೆಯಲ್ಲಿ ವೇದಾಂತವನ್ನೋದುವ ಬಾಲಕನಿಗೆ ಮೊದಮೊದಲು ಪರಿಚಯವಾಗುವ ದೃಷ್ಟಾಂತಗಳಲ್ಲಿ ರಜ್ಜುಸರ್ಪದ್ದು ಒಂದು. ಮಬ್ಬುಗತ್ತಲಲ್ಲಿ ಬಿದ್ದಿರುವ ಹಗ್ಗವು ಹಾವಾಗಿ ತೋರುತ್ತದೆ. ದೀಪವನ್ನು ತಂದೊಡನೆ ಹಾವು ಹೋಗಿ ಹಗ್ಗ ಉಳಿಯುತ್ತದೆ. ಶಾಸ್ತ್ರಕ್ಕೆ ಇದು ಒಪ್ಪುವ ಮಾತೇ ಸರಿ. ಆದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ರೈತನ ಅನುಭವವು ಇದಕ್ಕೆ ವಿಪರೀತವಾದುದು. ಶೇಂಗಾ ಕಿತ್ತು ಒಟ್ಟಿದ ರಾಶಿಯ ಮಗ್ಗುಲಲ್ಲಿ ಅವನು ಹಗ್ಗವೆಂದು ಕೈಯಿಟ್ಟದ್ದು ಹಾವಾಗಿಬಿಡುವುದುಂಟು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕೇ ನಮ್ಮ ದೇಶದಲ್ಲಿ ಅತಿ ಹೆಚ್ಚು ಜೀವಗಳನ್ನು ಬಲಿತೆಗೆದುಕೊಳ್ಳುವಂಥವು. 2000ದಿಂದ 2019ರ ವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಮಂದಿಯೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅವರಲ್ಲಿ ಬಹುಮಂದಿ ಹಳ್ಳಿಗಳವರು.

ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಒಬ್ಬ ವೃದ್ಧರಿದ್ದಾರೆ. ಐವತ್ತು ವರ್ಷ ರೇಷ್ಮೆಯ ಸೀರೆಗಳನ್ನು ನೆಯ್ದ ಕೈ ಅವರದು. ಅವರ ತಂಗಿಯನ್ನು ಚಳ್ಳಕೆರೆಯ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಆ ಮನೆಗೆ ಮಗ್ಗವೂ ಇತ್ತು, ನಾಲ್ಕೆಕರೆ ಬೆದ್ದಲೂ ಇತ್ತು. ಬಹಳ ವರ್ಷಗಳ ಹಿಂದೆ, ಶೇಂಗಾ ಕೀಳುವ ಕಾಲದಲ್ಲಿ, ಒಂದು ಸಂಜೆ ಆಕೆಯ ಗಂಡನಿಗೆ ಕೊಳಕುಮಂಡಲ ಕಚ್ಚಿತು. ನೇಕಾರರು ಆ ದಿನ ಅಲ್ಲಿಯೇ ಇದ್ದರು. ಆಸ್ಪತ್ರೆಗೆ ಒಯ್ಯಬೇಕೆಂದು ಹೊರಟಿದ್ದ ಗಾಡಿಯನ್ನು ತಡೆದು, ಪಕ್ಕದ ಊರಿನ ಮಂತ್ರಗಾರನ ಬಳಿಗೆ ತಿರುಗಿಸಿದವರು ಅವರೇ. ರಾತ್ರಿಯೆಲ್ಲ ಬೇವಿನ ಸೊಪ್ಪಿನ ಸೇವೆ ನಡೆಯಿತು. ಬೆಳಗಾಗುವಾಗ ರೋಗಿಯ ವಸಡಿನಿಂದ ರಕ್ತ ಒಸರುತ್ತಿತ್ತು, ಮೂತ್ರ ಕಟ್ಟಿತ್ತು. ಚಿತ್ರದುರ್ಗದ ಹಾದಿಯಲ್ಲಿ ಪ್ರಾಣ ಹೋಯಿತು. ಅಂದಿನಿಂದ ತಂಗಿ ಅಣ್ಣನ ಮನೆಯಲ್ಲಿಯೇ ಇದ್ದಾರೆ. ಆ ರಾತ್ರಿಯ ಮಾತನ್ನು ಇಬ್ಬರೂ ಎತ್ತಿದವರಲ್ಲ.

ಈ ಮನೆಯ ಮೊಮ್ಮಗನು ಬೆಂಗಳೂರಿನಲ್ಲಿ ಜೀವರಸಾಯನವನ್ನು ವ್ಯಾಸಂಗಮಾಡುತ್ತಾನೆ. ದೀಪಾವಳಿಗೆ ಊರಿಗೆ ಬಂದವನು ಮಗ್ಗದ ಪಕ್ಕದಲ್ಲಿ ಕುಳಿತು ತನ್ನ ಲ್ಯಾಪ್‌ಟಾಪಿನ ತೆರೆಯ ಮೇಲೆ ನೂಲುಂಡೆಯಂಥ ಒಂದು ಆಕೃತಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದನು.

“ಏನಪ್ಪಾ ಅದು, ಸಿಕ್ಕುಬಿದ್ದ ರೇಷ್ಮೆ?” ಎಂದರು ಅಜ್ಜ.

“ಕೊಳಕುಮಂಡಲದ ವಿಷದಲ್ಲಿರೋ ಒಂದು ಪ್ರೋಟೀನು, ತಾತ. ನಮ್ಮ ಜೀವಕೋಶದ ಪೊರೆಯನ್ನು ಕತ್ತರಿಸೋದೇ ಇದರ ಕೆಲಸ. ಈ ಗುಳಿ ಕಾಣುತ್ತಲ್ಲ, ಇದೇ ಇದರ ಬಾಯಿ. ಈ ಬಾಯಿಗೆ ಸರಿಯಾಗಿ ಕೂರೋ ಬಿರಡೆ ಯಾವುದು ಅಂತ ಹುಡುಕುತ್ತಿದ್ದೀನಿ.”

ಬೀಗಕ್ಕೆ ತಕ್ಕ ಕೀಲಿಕೈ ಎಂಬ ಉಪಮಾನವನ್ನು ಈ ವಿಷಯಕ್ಕೆ ಮೊದಲು ತಂದವನು ಜರ್ಮನಿಯ ರಸಾಯನ ಪಂಡಿತ ಎಮಿಲ್ ಫಿಷರ್, 1894ರಲ್ಲಿ. ಕಿಣ್ವದ ಗುಳಿಯಲ್ಲಿ ತಕ್ಕ ಆಕಾರದ ಅಣು ಮಾತ್ರ ಕೂಡುತ್ತದೆ. ಅನ್ಯವಾದ ಅಣುವನ್ನು ಅಲ್ಲಿ ಕೂರಿಸಿದರೆ ಕಿಣ್ವದ ಬಾಯಿ ಕಟ್ಟುತ್ತದೆ. ಹಾಗೆ ಕೂರುವುದು ಯಾವುದೆಂದು ಹಿಂದೆ ಒಂದೊಂದನ್ನೂ ಪ್ರಯೋಗಶಾಲೆಯಲ್ಲಿ ಬೆರಸಿ ನೋಡಬೇಕಾಗಿತ್ತು. 1982ರಲ್ಲಿ ಅಮೆರಿಕದ ಕುಂಟ್ಸ್ ಎಂಬವರೂ ಅವರ ಸಂಗಡಿಗರೂ ಆ ಜೋಡಣೆಯನ್ನು ಗಣಕಯಂತ್ರದಲ್ಲಿಯೇ ಮಾಡಿನೋಡುವ ಕ್ರಮವನ್ನು ಪ್ರಕಟಿಸಿದರು. ಅದರ ರೀತಿ ಸ್ಥೂಲವಾಗಿ ಹೀಗೆ: ಹರಳುಗಟ್ಟಿದ ಪ್ರೋಟೀನಿನ ಮೇಲೆ ಎಕ್ಸ್ ಕಿರಣಗಳನ್ನು ಹಾಯಿಸಿ ಪ್ರತಿಯೊಂದು ಪರಮಾಣುವಿನ ಸ್ಥಾನವನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಯಂತ್ರವು ಔಷಧದ ಅಣುವನ್ನು ಗುಳಿಯಲ್ಲಿಟ್ಟು ಹಿಂದೆ ಮುಂದೆ ಸರಿಸುತ್ತದೆ, ಮಗ್ಗುಲು ಬದಲಾಯಿಸುತ್ತದೆ, ಕೀಲುಗಳಿರುವಲ್ಲಿ ತಿರುಚುತ್ತದೆ. ಒಂದೊಂದು ಭಂಗಿಯಲ್ಲಿಯೂ ಪರಮಾಣುಗಳು ಒಂದನ್ನೊಂದು ಒತ್ತುವುವೇ, ಧನ ಋಣ ವಿದ್ಯುತ್ತುಗಳು ಸೆಳೆಯುವುವೇ, ಜಲಜನಕದ ಕೊಂಡಿ ಬೀಳುವುದೇ ಎಂದು ಎಣಿಸಿ ಒಂದು ಅಂಕವನ್ನು ಕೊಡುತ್ತದೆ. ಅಂಕವು ಶೂನ್ಯಕ್ಕಿಂತ ಕೆಳಗೆ ಹೋದಷ್ಟೂ ಹಿಡಿತವು ಬಿಗಿಯೆಂದು ಊಹೆ.

ಈ ಎಣಿಕೆಗೆ ನಮ್ಮ ದೇಶದವರ ಕೊಡುಗೆಯೂ ಅಲ್ಪವಲ್ಲ. ಪರಮಾಣುಗಳು ಒಂದರ ಮೈಯನ್ನೊಂದು ಒತ್ತದಂತೆ ಪ್ರೋಟೀನಿನ ಸರವು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲುದೆಂಬುದನ್ನು 1963ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಅವರು ಇಬ್ಬರು ಸಹೋದ್ಯೋಗಿಗಳೊಡನೆ ತೋರಿಸಿಕೊಟ್ಟರು. ಅವರ ಹೆಸರಿನ ಆ ನಕ್ಷೆಯನ್ನು ಜಗತ್ತಿನ ಪ್ರೋಟೀನ್ ಶೋಧಕರು ಇಂದಿಗೂ ಬಳಸುತ್ತಾರೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಈ ಶಾಸ್ತ್ರಕ್ಕಾಗಿಯೇ ಒಂದು ವಿಭಾಗವನ್ನು ಕಟ್ಟಿದರು. ಆ ಸಂಸ್ಥೆಯ ಎರಡನೆಯ ಆವರಣವೇ ಇಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ 1,500 ಎಕರೆಯ ವಿಸ್ತಾರದಲ್ಲಿದೆ. ಅದರ ಬೆಂಗಳೂರಿನ ಆವರಣದಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ವೆಂಬ ಮಹಾಗಣಕವು ಒಂದು ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲದು.

ವೃದ್ಧರು ಇದೆಲ್ಲವನ್ನೂ ಸಮಾಧಾನದಿಂದ ಕೇಳಿದರು. ಕೇಳಿ, “ಕಾಗದದ ಮೇಲೆ ಬರೆದ ಬುಟ್ಟಾ ಎಲ್ಲಾ ರೇಷ್ಮೆ ಮೇಲೆ ಬೀಳೋದಿಲ್ಲಪ್ಪಾ. ಥಂಡಿ ಹಿಡಿದರೆ ಹಾಸು ಬೇರೆ ಥರ ಎಳೆಯುತ್ತೆ,” ಎಂದರು.

“ನಿಜ ತಾತ. ಯಂತ್ರ ಒಪ್ಪಿದ್ದರಲ್ಲಿ ಬಹಳಷ್ಟನ್ನ ಸೀಸೆ ಒಪ್ಪೋದಿಲ್ಲ,” ಎಂದು ಹುಡುಗನು ಒಪ್ಪಿಕೊಂಡನು.

ನೇಕಾರರ ಮಾತು ಶಾಸ್ತ್ರಜ್ಞರ ಮಾತೇ ಆಗಿತ್ತು. ಪ್ರೋಟೀನು ಕಬ್ಬಿಣದ ಬೀಗವಲ್ಲ. ಕೀಲಿಕೈ ಹೊಕ್ಕಾಗ ತಾನೂ ಮೈ ಬದಲಿಸುತ್ತದೆಂದು ಕಾಷ್‌ಲಂಡ್ 1958ರಲ್ಲಿಯೇ ಪ್ರತಿಪಾದಿಸಿದ್ದರು. ಸುತ್ತಲ ನೀರಿನ ಅಣುಗಳ ಲೆಕ್ಕವೂ ಸುಲಭವಾಗಿ ಹಿಡಿತಕ್ಕೆ ಸಿಕ್ಕದು. ಆದ್ದರಿಂದ ಯಂತ್ರವು ಕೊಡುವುದು ಅನುಮಾನ, ಪ್ರತ್ಯಕ್ಷವಲ್ಲ. ಹಗ್ಗವನ್ನು ಹಾವೆಂದು ಕಾಣುವ ಭ್ರಮೆ ಅದಕ್ಕೂ ಉಂಟು. ದೀಪವನ್ನು ತರಬೇಕಾದುದು ಪ್ರಯೋಗಶಾಲೆಯೇ.

ವರೆಸ್‌ಪ್ಲಾಡಿಬ್ ಎಂಬ ಔಷಧದ ಚರಿತ್ರೆ ಇದಕ್ಕೆ ಸಾಕ್ಷಿ. ಮನುಷ್ಯದೇಹದ ಒಂದು ಕಿಣ್ವದ ಗುಳಿಯ ಆಕಾರವನ್ನು ನೋಡಿಯೇ ರಚಿತವಾದ ಈ ಅಣುವು ಉರಿಯೂತಕ್ಕೆಂದು ಹುಟ್ಟಿ, ಹೃದ್ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಸೋತಿತು. ಕೊಳಕುಮಂಡಲದ ವಿಷದ ಕಿಣ್ವವೂ ಅದೇ ಕುಲದ್ದಾದುದರಿಂದ, ಹಾವಿನ ವಿಷಗಳನ್ನೂ ಇದು ಕಟ್ಟಬಲ್ಲದೆಂದು 2016ರಲ್ಲಿ ಕಂಡುಬಂದಿತು. ಇದರ ನುಂಗುವ ರೂಪವನ್ನು ಭಾರತದಲ್ಲಿಯೂ ಅಮೆರಿಕದಲ್ಲಿಯೂ ಕಡಿತಕ್ಕೊಳಗಾದವರ ಮೇಲೆ ಪರೀಕ್ಷಿಸಿದಾಗ, ಒಟ್ಟು ಫಲವು ಎಣಿಸಿದಷ್ಟಾಗಲಿಲ್ಲ. ಬೇಗನೆ ಕೊಟ್ಟವರಲ್ಲಿ ಮಾತ್ರ ಆಸೆಯ ಸೂಚನೆ ತೋರಿತು. 2025ರ ಜನವರಿಯಲ್ಲಿ ಡೇವಿಡ್ ಬೇಕರ್ ಅವರ ತಂಡವು ಇನ್ನೂ ಮುಂದೆ ಹೋಯಿತು. ಉಸಿರಾಟವನ್ನು ನಿಲ್ಲಿಸುವ ನಾಗರಜಾತಿಯ ನಂಜುಗಳನ್ನು ಹಿಡಿಯುವಂಥ ಹೊಸ ಪ್ರೋಟೀನುಗಳನ್ನೇ ಗಣಕದಲ್ಲಿ ರಚಿಸಿ ತಯಾರಿಸಿದರು. ಮಾರಕ ಪ್ರಮಾಣದ ನಂಜನ್ನು ಪಡೆದ ಇಲಿಗಳು ಬದುಕಿದವು. ಮನುಷ್ಯನ ವರೆಗಿನ ದಾರಿ ಇನ್ನೂ ಬಾಕಿಯಿದೆ.

ಒಲೆಯ ಮುಂದೆ ಕುಳಿತಿದ್ದ ತಂಗಿ ಅಷ್ಟು ಹೊತ್ತೂ ಮಾತನಾಡಿರಲಿಲ್ಲ. ಆಗ ಮೆಲ್ಲನೆ ಕೇಳಿದರು: “ಮಗಾ, ಆವತ್ತು ಇದಿದ್ದಿದ್ದರೆ ಅವರು ಉಳೀತಿದ್ದರಾ?”

ಹುಡುಗನಿಗೆ ಗಾಡಿಯ ವಿಷಯ ತಿಳಿಯದು. “ಇದು ಬೇಕಾಗಿರಲಿಲ್ಲ ಅಜ್ಜಿ,” ಎಂದನು. “ಕುದುರೆಯ ರಕ್ತದಿಂದ ತೆಗೆದ ವಿಷಹಾರಿ ಮದ್ದು ಆಸ್ಪತ್ರೆಗಳಲ್ಲಿ ಆಗಲೇ ಇತ್ತು. ಅದಕ್ಕೂ ಕೊರತೆಗಳುಂಟು, ಊರಿಂದೂರಿಗೆ ವಿಷದ ಗುಣ ಬೇರೆಯಾಗುತ್ತೆ. ಆದರೂ ಬೇಗ ಹೋಗಿದ್ದರೆ ಉಳಿಯೋ ಸಂಭವ ಬಹಳ ಇತ್ತು.”

ಮಗ್ಗದ ಬಳಿ ಲಾಳಿ ಹಿಡಿದಿದ್ದ ಕೈ ಹಾಗೆಯೇ ನಿಂತಿತು. ತಂಗಿ ಅಣ್ಣನ ಮುಖವನ್ನು ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ವೃದ್ಧರೇ ಬಾಯಿಬಿಟ್ಟರು: “ಗಾಡಿ ತಿರುಗಿಸಿದ್ದು ನಾನು.”

“ನನಗೇನು ಗೊತ್ತಿಲ್ಲವಾ ಅಣ್ಣಾ,” ಎಂದರು ಆಕೆ. “ಒಳ್ಳೇದಾಗಲಿ ಅಂತಲೇ ತಿರುಗಿಸಿದೆ.” ಎದ್ದು ಹೋಗಿ ಮೂವರಿಗೂ ಎಲೆ ಹಾಕಿದರು.

2024ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ವರದಿಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಎಲ್ಲಿ ಎಷ್ಟು ಜನಕ್ಕೆ ಕಚ್ಚಿತೆಂಬುದು ತಿಳಿದರೆ ಮದ್ದು ಎಲ್ಲಿರಬೇಕೆಂಬುದೂ ತಿಳಿಯುತ್ತದೆ. ಮಹಾಗಣಕಕ್ಕೆ ಈ ಲೆಕ್ಕ ಅತಿ ಸುಲಭವಾದುದು. ನಮಗೆ ಮಾತ್ರ ಇದನ್ನು ಬರೆದಿಡಲು ಇಷ್ಟು ಕಾಲ ಹಿಡಿಯಿತು.

ಹಬ್ಬ ಕಳೆದ ಮೇಲೆ ನೇಕಾರರು ತಂಗಿಯೊಡನೆ ಆ ಹಳ್ಳಿಗೆ ಹೋಗಿಬಂದರು. ಮೈದುನನ ಮಕ್ಕಳಿಗೆ ಒಂದು ಬ್ಯಾಟರಿ ದೀಪವನ್ನೂ, ಮೊಳಕಾಲಿನ ವರೆಗೆ ಬರುವ ಎರಡು ಜೊತೆ ಬೂಟುಗಳನ್ನೂ ಕೊಟ್ಟರು. ಕಚ್ಚಿದ ಕಾಲನ್ನು ಕೊಯ್ಯಬಾರದು, ಬಿಗಿಯಬಾರದು, ಅಲುಗಿಸಬಾರದು, 108ಕ್ಕೆ ಹೇಳಿ ನೆಟ್ಟಗೆ ಆಸ್ಪತ್ರೆಗೆ ಹೋಗಬೇಕು ಎಂದು ಮೊಮ್ಮಗನಿಂದ ದಪ್ಪ ಅಕ್ಷರಗಳಲ್ಲಿ ಬರೆಸಿದ್ದ ಕಾಗದವನ್ನು ಕೊಟ್ಟಿಗೆಯ ಬಾಗಿಲಿಗೆ ತಾವೇ ಅಂಟಿಸಿದರು.